‘ಕಂಟ್ರಿ’ ಸಂಗೀತಕ್ಕೆ ಕನ್ನಡ ಬೇಕೆ? ಜೊತೆಗೆ ಗಣಿ, ಕೊಳ್ಳ, ಪಡಖಾನೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ಕನ್ನಡ ಸಂಘವೊಂದರ ವಾರ್ಷಿಕ ಸಂಚಿಕೆಗೆ ಕೆಂಟಕಿ ರಾಜ್ಯದಿಂದ ಬಂದ, ‘ಕಂಟ್ರಿ’ ಎಂಬ ಅಮೆರಿಕದ ಸಂಗೀತ ಪ್ರಕಾರದ ಗಾಯಕಿ ಲೊರೆಟ್ಟಾ ಲಿನ್ ಕುರಿತು ಲೇಖನ ಬರೆಯುತ್ತಿದ್ದೇನೆ. ನ್ಯಾಶ್‌ವಿಲ್‌ನಲ್ಲಿರುವ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯ 2017ರ ಆಗಸ್ಟ್‌ನಲ್ಲಿ ಆಕೆಯ ಬದುಕು, ಹಾಡುಗಳ ಮೇಲೆ ಪ್ರದರ್ಶನವೊಂದನ್ನು ತೆರೆದು ಸುಮಾರು ಒಂದು ವರ್ಷ ನಡೆಸಿತ್ತು. ಲೇಖನವನ್ನು ಅದರ ಸುತ್ತಲೇ ಹೆಣೆದಿದ್ದೇನೆ. ವಿಷಯಕ್ಕೆ ಕೊರತೆಯಿಲ್ಲ, ಕಾಡುತ್ತಿರುವುದು ಪದಗಳು.

ಜಗಳ ಹತ್ತಿರುವುದು ‘ಕಂಟ್ರಿ’ಯ ಮೇಲೆ. ಸಂಚಿಕೆಯ ಸಂಪಾದಕರು ‘ಹಳ್ಳಿಗಾಡಿನ ಸಂಗೀತ’ ಎಂದೇ ಬರೆಯಬೇಕೆಂದು ಪಟ್ಟು ಹಿಡಿದಿದ್ದಾರೆ. ಅದಾಗದಿದ್ದರೆ ‘ಅಮೆರಿಕದ ಜಾನಪದ’ ಆಗಲಿ ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಜಾನಪದವೆಂದರೆ ನಮ್ಮಲ್ಲಿ ಕಟ್ಟಿದವರ ಹೆಸರಿಲ್ಲದೆ ಬಾಯಿಂದ ಬಾಯಿಗೆ ಬಂದ ಹಾಡು. ಕಂಟ್ರಿಯ ಹಾಡಿಗೆ ಬರೆದವರಿದ್ದಾರೆ, ಪ್ರಕಾಶಕರಿದ್ದಾರೆ, ಹಕ್ಕುಗಳಿಗಾಗಿ ಕೋರ್ಟು ಕಟ್ಟೆ ಹತ್ತಿದವರೂ ಇದ್ದಾರೆ. 1920ರ ದಶಕದಲ್ಲಿ ಗ್ರಾಮಫೋನ್ ಕಂಪನಿಗಳು ಅಮೆರಿಕದ ದಕ್ಷಿಣದ ಗುಡ್ಡಗಾಡಿನ ಹಾಡುಗಾರರನ್ನು ಹುಡುಕಿಕೊಂಡು ಹೋದವು. 1927ರಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಅಂಥ ಕಂಪನಿಯೊಂದರ ರಾಲ್ಫ್ ಪಿಯರ್ ಧ್ವನಿಮುದ್ರಣದ ಯಂತ್ರ ಹೂಡಿ ಕುಳಿತಾಗ, ಮುಂದೆ ಈ ಸಂಗೀತದ ಮೊದಲ ತಾರೆಗಳಾದ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಕೂಡ ಒಂದೇ ವಾರದಲ್ಲಿ ಬಂದು ಹಾಡಿದರು. ಆಗ ಇದಕ್ಕಿದ್ದ ಹೆಸರು ‘ಹಿಲ್‌ಬಿಲಿ’, ಗುಡ್ಡಗಾಡಿನ ಗಮಾರ ಎಂಬಂಥ ಅರ್ಧ ಬೈಗುಳ. ಸಂಗೀತ ವ್ಯಾಪಾರದ ಪತ್ರಿಕೆ ಬಿಲ್‌ಬೋರ್ಡ್ 1944ರಲ್ಲಿ ಈ ಸಂಗೀತದ ಜನಪ್ರಿಯ ಹಾಡುಗಳ ಪಟ್ಟಿ ಆರಂಭಿಸಿದಾಗ ಅದನ್ನು ‘ಫೋಕ್’ ಎಂದು ಕರೆಯಿತು, 1949ರಲ್ಲಿ ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದು ಬದಲಿಸಿತು, 1962ರ ಹೊತ್ತಿಗೆ ಬರಿಯ ‘ಕಂಟ್ರಿ’ ಉಳಿಸಿಕೊಂಡಿತು. ಆ ವ್ಯಾಪಾರದವರೇ ಕೆಲವು ಕಾಲ ಇಟ್ಟುಕೊಂಡು ಕೈಬಿಟ್ಟ ‘ಜಾನಪದ’ವನ್ನು ನಾವು ಮತ್ತೆ ಅವರಿಗೆ ತೊಡಿಸುವುದು ಏಕೆ?

‘ಹಳ್ಳಿಗಾಡಿನ’ ಎಂಬುದರ ತೊಂದರೆ ಬೇರೆ. ಪತ್ರಿಕೆಗಳಲ್ಲಿ ಈ ಪದ ಬಂದಾಗಲೆಲ್ಲ ಬೆನ್ನಿಗೇ ಒಂದು ಕೊರತೆ ಬರುತ್ತದೆ: ಹಳ್ಳಿಗಾಡಿನ ಶಾಲೆಗೆ ಶಿಕ್ಷಕರಿಲ್ಲ, ಹಳ್ಳಿಗಾಡಿನ ರಸ್ತೆಗೆ ಡಾಂಬರಿಲ್ಲ. ಅದು ಒಂದು ಸ್ಥಿತಿಯ ವರ್ಣನೆ, ಒಂದು ಸಂಗೀತದ ಹೆಸರಾಗಿ ನಿಲ್ಲುವುದಿಲ್ಲ.

ಇನ್ನು ‘ನಾಡ’. ಇದು ನನಗೆ ಬಹಳ ಆಸೆ ಹುಟ್ಟಿಸಿದ ಪದ. ಕರಾವಳಿಯ ‘ನಾಡದೋಣಿ’, ಮಲೆನಾಡಿನ ‘ನಾಡಬಂದೂಕು’, ಮನೆಯ ಮೇಲಿನ ‘ನಾಡಹೆಂಚು’ ಇವೆಲ್ಲದರಲ್ಲಿ ‘ನಾಡ’ ಎಂದರೆ ಊರಿನಲ್ಲೇ ಮಾಡಿದ್ದು, ಕಾರ್ಖಾನೆಯ ಅಚ್ಚಿಲ್ಲದ್ದು ಎಂಬ ಅರ್ಥವಿದೆ. ಇಂಗ್ಲಿಷಿನ ‘ಕಂಟ್ರಿ’ಯಂತೆಯೇ ದೇಶ, ಗ್ರಾಮಸೀಮೆ ಎರಡನ್ನೂ ಹೊತ್ತ ಪದ. ಆದರೆ ‘ನಾಡಸಂಗೀತ’ ಎಂದು ಬರೆದು ನೋಡಿ. ನಾಡಗೀತೆ, ನಾಡಹಬ್ಬ, ನಾಡಧ್ವಜಗಳ ಸಾಲಿಗೆ ಅದು ತಾನಾಗಿ ಹೋಗಿ ನಿಲ್ಲುತ್ತದೆ. ಓದುಗರು ಎದ್ದು ನಿಂತು ಹಾಡಬೇಕಾದದ್ದು ಎಂದುಕೊಂಡಾರು. ‘ದೇಸಿ’ಯ ಗತಿಯೂ ಇದೇ: ಮಾರ್ಗ ಮತ್ತು ದೇಸಿ ಎಂದು ಕಾವ್ಯಮೀಮಾಂಸೆ ಓದಿದವರಿಗೆ ಅದರ ಸೊಗಸು ಗೊತ್ತು, ಉಳಿದವರಿಗೆ ಈಗ ದೇಸಿ ಎಂದರೆ ಭಾರತದ್ದು. ದೇಸಿ ಹಸುವಿನ ತುಪ್ಪದ ಪಕ್ಕದಲ್ಲಿ ಕೆಂಟಕಿಯ ಗಿಟಾರ್ ಕೂರಲಾರದು.

ಹಾಗಾಗಿ ನನ್ನ ವಾದ ಇಷ್ಟು: ವ್ಯಾಪಾರಕ್ಕಾಗಿ ಅಂಟಿಸಿದ ಹಣೆಪಟ್ಟಿಯನ್ನು ಅನುವಾದಿಸಬೇಕಾಗಿಲ್ಲ. ಜಾಜ್, ರಾಕ್ ಎನ್ನುವಂತೆ ಕಂಟ್ರಿ ಎಂದರಾಯಿತು. ‘ಕಂಟ್ರಿ ಪಿಸ್ತೂಲ್ ವಶ’ ಎಂದು ಅಪರಾಧ ಸುದ್ದಿಗಳಲ್ಲಿ ಓದಿ ಓದಿ ಕನ್ನಡಿಗರಿಗೆ ಪದವೇನೂ ಹೊಸದಲ್ಲ! ಆ ಸಂಗೀತದ ಒಳಗಿರುವ ಮನೆ, ಬೆಟ್ಟ, ಬಟ್ಟೆ, ದುಡಿಮೆಗಳಿಗೆ ಮಾತ್ರ ಅಪ್ಪಟ ಕನ್ನಡ ಬೇಕು, ಸಿಗುತ್ತದೆ ಕೂಡ. ಶ್ರಮ ಹಾಕಬೇಕಾದದ್ದು ಅಲ್ಲಿ.

ಉದಾಹರಣೆಗೆ, ಲೊರೆಟ್ಟಾ 1932ರಲ್ಲಿ ಹುಟ್ಟಿದ್ದು ಪೂರ್ವ ಕೆಂಟಕಿಯ ಬುಚರ್ ಹಾಲೋ ಎಂಬಲ್ಲಿ. ಸ್ಥಳೀಯರ ಬಾಯಲ್ಲಿ ಅದು ‘ಹಾಲರ್’. ನಿಘಂಟು ಹಿಡಿದವರು ‘ಟೊಳ್ಳು’ ಎಂದು ಬಿಡಬಹುದು. ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆ, ತಳದಲ್ಲಿ ಒಂದು ತೊರೆ, ಅದರ ಅಂಚಿಗೆ ಕೆಲವೇ ಮನೆಗಳು: ಇದಕ್ಕೆ ಉತ್ತರ ಕರ್ನಾಟಕದವರು ‘ಕೊಳ್ಳ’ ಎನ್ನುತ್ತಾರೆ. ಶಬರಿಕೊಳ್ಳ, ಹುಲಿಗೆಮ್ಮನಕೊಳ್ಳ ಎಂದು ಸ್ಥಳನಾಮಗಳೇ ಇವೆ. ಊರಿನ ಹೆಸರನ್ನು ಹಾಗೆಯೇ ಇಟ್ಟು, ವಿವರಿಸುವಾಗ ‘ಕೊಳ್ಳ’ ಎಂದು ಬಳಸಿದ್ದೇನೆ. ಮಲೆನಾಡಿನ ಗೆಳೆಯರಿಗೆ ಆಕ್ಷೇಪವಿದ್ದರೆ ತಿಳಿಸಿ.

ನಿಜವಾದ ಬಿಕ್ಕಟ್ಟು ಆಕೆಯ ತಂದೆಯ ಕಸುಬಿನಲ್ಲಿದೆ. ತಂದೆ ಟೆಡ್ ವೆಬ್ ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ಎಂಟು ಮಕ್ಕಳ ತಂದೆ. ರಾತ್ರಿಯೆಲ್ಲ ವ್ಯಾನ್ ಲಿಯರ್ ಗಣಿ, ಹಗಲೆಲ್ಲ ಮೆಕ್ಕೆಜೋಳದ ಹೊಲ ಎಂದು ಮಗಳು 1970ರ ಹಾಡಿನಲ್ಲಿ ನೆನೆದಿದ್ದಾಳೆ. ತಾನು ಕಲ್ಲಿದ್ದಲು ಗಣಿಯವನ ಮಗಳು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಆ ಹಾಡಿನ ಹೆಸರೇ 1976ರಲ್ಲಿ ಆತ್ಮಕಥೆಗೂ 1980ರಲ್ಲಿ ಸಿನಿಮಾಕ್ಕೂ ಬಂದಿತು. ಸಿನಿಮಾದಲ್ಲಿ ಲೊರೆಟ್ಟಾ ಆಗಿ ನಟಿಸಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಸಿಕ್ಕಿತು. ಇಂಥ ಹೆಸರನ್ನು ಕನ್ನಡದಲ್ಲಿ ಹೇಗೆ ಕೊಡುವುದು? ‘ಗಣಿ ಕಾರ್ಮಿಕನ ಮಗಳು’ ಎಂದರೆ ತಪ್ಪಿಲ್ಲ, ಆದರೆ ಕಾರ್ಮಿಕ ಇಲಾಖೆಯ ವಾಸನೆ ಬರುತ್ತದೆ. ಯಾವ ಮಗಳೂ ಅಪ್ಪನನ್ನು ಕಾರ್ಮಿಕ ಎಂದು ಹಾಡುವುದಿಲ್ಲ. ಕಮ್ಮಾರ, ಕುಂಬಾರ ಎಂಬ ಜಾಡಿನಲ್ಲಿ ‘ಗಣಿಗಾರ’ ಎನ್ನೋಣವೆಂದರೆ, ಬಳ್ಳಾರಿಯ ಅದಿರಿನ ಕಾಲದ ನಂತರ ಕನ್ನಡದಲ್ಲಿ ‘ಗಣಿ’ಯ ಬೆನ್ನಿಗೆ ‘ಧಣಿ’ ಕೇಳಿಸುತ್ತದೆ. ‘ಗಣಿಗಾರನ ಮಗಳು’ ಎಂದು ಓದಿದವರು ಹೆಲಿಕಾಪ್ಟರಿನಿಂದ ಇಳಿಯುವ ಹುಡುಗಿಯನ್ನು ಕಲ್ಪಿಸಿಕೊಂಡರೆ ಅವರನ್ನು ದೂರುವಂತಿಲ್ಲ. ನಮ್ಮಲ್ಲಿ ಕಲ್ಲಿದ್ದಲಿಲ್ಲ, ಆದರೆ ಚಿನ್ನದ ಗಣಿಗಳಿದ್ದವು. ಕೋಲಾರದ್ದು 2001ರಲ್ಲಿ ಮುಚ್ಚಿತು, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಜನ ನೆಲದೊಳಗೆ ಇಳಿಯುತ್ತಾರೆ. ಹಟ್ಟಿ, ಲಿಂಗಸುಗೂರು ಕಡೆಯವರು ಯಾರಾದರೂ ಬಳಗದಲ್ಲಿದ್ದರೆ ಹೇಳಿ: ಹಾಗೆ ಇಳಿದು ದುಡಿಯುವವನಿಗೆ ಮನೆಯವರು, ನೆರೆಯವರು ಬಳಸುವ ಪದ ಯಾವುದು? ಅಲ್ಲಿಯವರೆಗೆ ‘ಕಲ್ಲಿದ್ದಲು ಗಣಿಯವನ ಮಗಳು’ ಎಂದೇ ಇಟ್ಟಿರುತ್ತೇನೆ.

ಪ್ರದರ್ಶನದ ಹೆಸರು ‘ಬ್ಲೂ ಕೆಂಟಕಿ ಗರ್ಲ್’, ಆಕೆಯ 1965ರ ಹಾಡೊಂದರದು. ‘ಬ್ಲೂ’ ಅಲ್ಲಿ ದುಃಖದ ಬಣ್ಣ. ಕನ್ನಡದಲ್ಲಿ ‘ನೀಲಿ’ ಎಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ನಗರದ ದೀಪಗಳ ಬೆನ್ನು ಹತ್ತಿ ಹೋದ ನಲ್ಲನಿಗಾಗಿ ಹುಡುಗಿ ಕಾಯುವ ಹಾಡದು, ‘ವಿರಹಿಣಿ’ ಅರ್ಥಕ್ಕೆ ಸರಿಹೊಂದುತ್ತದೆ. ಆದರೆ ‘ಕೆಂಟಕಿಯ ವಿರಹಿಣಿ’ ಎಂದೊಡನೆ ಚಂದನ ಲೇಪಿಸುವ ಸಖಿಯರು ಬಂದು ಸುತ್ತುವರಿಯುತ್ತಾರೆ. ಹೆಸರನ್ನು ಮುಟ್ಟದೆ ಬಿಟ್ಟಿದ್ದೇನೆ.

‘ಪ್ರದರ್ಶನ’ ಎಂಬುದೂ ನುಣುಚಿಕೊಳ್ಳುವ ಪದವೇ. ‘ಲೊರೆಟ್ಟಾ ಲಿನ್ ಪ್ರದರ್ಶನ’ ಎಂದರೆ ಆಕೆ ವೇದಿಕೆಯಲ್ಲಿ ಹಾಡುತ್ತಿದ್ದಾಳೆ ಎಂದಾಗುತ್ತದೆ. ‘ವಸ್ತುಪ್ರದರ್ಶನ’ ಎಂದರೆ ಮೈಸೂರು ದಸರೆಯ ತೊಟ್ಟಿಲು, ಹಪ್ಪಳ ಕಣ್ಣಿಗೆ ಕಟ್ಟುತ್ತವೆ. ‘ಲೊರೆಟ್ಟಾ ಕುರಿತ ಪ್ರದರ್ಶನ’ ಎಂದು ಬರೆದು ಮುಂದೆ ಸಾಗಿದೆ. ನೆಲ ಮುಟ್ಟುವ ಆಕೆಯ ವೇದಿಕೆಯ ಉಡುಪಿಗೆ ‘ನಿಲುವಂಗಿ’ ಬೇಡ, ಅದರಲ್ಲಿ ಪಾದ್ರಿಗಳು ಕಾಣುತ್ತಾರೆ. ‘ಝಾಲರಿನ ಗೌನು’ ಸಾಕು.

‘ವೃತ್ತಿಜೀವನ’ದ ಬಗ್ಗೆ ನನ್ನ ಅಸಮಾಧಾನ ಹಳೆಯದು. ಆ ಪದದಲ್ಲಿ ನೇಮಕಾತಿ, ಬಡ್ತಿ, ನಿವೃತ್ತಿ ಎಲ್ಲವೂ ಅಡಗಿವೆ. ಈಕೆಗೆ ಹದಿನೈದಕ್ಕೆ ಮದುವೆ; ದೂರದ ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳನ್ನು ಸಾಕುತ್ತಿದ್ದವಳಿಗೆ ಗಂಡ 17 ಡಾಲರಿನ ಗಿಟಾರ್ ತಂದುಕೊಟ್ಟ; 1960ರಲ್ಲಿ ಮೊದಲ ಹಾಡು ಮುದ್ರಣವಾದಾಗ ಗಂಡಹೆಂಡಿರೇ ಕಾರಿನಲ್ಲಿ ಊರೂರು ತಿರುಗಿ ರೇಡಿಯೊ ಕೇಂದ್ರಗಳಿಗೆ ಅದನ್ನು ಮುಟ್ಟಿಸಿದರು. 1972ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಅತ್ಯುನ್ನತ ಕಲಾವಿದರ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಗರ್ಭನಿರೋಧಕ ಮಾತ್ರೆಯ ಬಗ್ಗೆ 1975ರಲ್ಲಿ ಹಾಡಿದಾಗ ಹಲವು ಕೇಂದ್ರಗಳು ಬಿತ್ತರಿಸಲು ಒಪ್ಪಲಿಲ್ಲ. ಕೊನೆಯ ಆಲ್ಬಂ ಬಂದದ್ದು 2021ರಲ್ಲಿ, 88ನೇ ವಯಸ್ಸಿಗೆ, ಮರುವರ್ಷ ತೀರಿಕೊಂಡಳು. ಇದನ್ನು ವೃತ್ತಿಜೀವನ ಎನ್ನಲು ಮನಸ್ಸಾಗದು. ‘ಕಲಾಜೀವನ’ ಸ್ವಲ್ಪ ಮೇಲು, ‘ಗಾನಯಾನ’ ಸನ್ಮಾನ ಪತ್ರದ ಭಾಷೆ. ‘ಹಾಡಿನ ಬದುಕು’ ಎಂದು ಬರೆದೆ. ಸಂಪಾದಕರು ಸುತ್ತು ಹಾಕಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ. ನಿಮಗೇನನ್ನಿಸುತ್ತದೆ?

ಕೊನೆಯದಾಗಿ ‘ಹಾಂಕಿ ಟಾಂಕ್’. ಆಕೆಯ ಮೊದಲ ಹಾಡಿನ ಹೆಸರಿನಲ್ಲೇ ಇದೆ, ಬಿಡುವಂತಿಲ್ಲ. ದುಡಿಯುವವರು ಸಂಜೆ ಹೋಗಿ ಕುಡಿಯುವ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆ ಇರುವ, ಕುಣಿಯಲು ಒಂದಿಷ್ಟು ಜಾಗವಿರುವ ಅಗ್ಗದ ಅಡ್ಡೆ. ‘ಬಾರ್’ ಎಂದರೆ ಅದರ ಬಡತನ ಹೋಗುತ್ತದೆ. ಹಳೆಯ ಮೈಸೂರಿನ ‘ಪಡಖಾನೆ’ ಬಡತನವನ್ನೂ ಗದ್ದಲವನ್ನೂ ಕೊಡುತ್ತದೆ, ಆದರೆ ಅಲ್ಲಿ ವಾದ್ಯ, ಕುಣಿತ ಇತ್ತೆ? ಹೆಂಗಸರು ಒಳಗೆ ಕೂತು ಕುಡಿಯುತ್ತಿದ್ದರೆ? ಪಡಖಾನೆಗಳನ್ನು ಕಣ್ಣಾರೆ ಕಂಡ ಹಿರಿಯರು, ಇಲ್ಲವೇ ಕರಾವಳಿಯ ಶೇಂದಿ ಅಂಗಡಿಗಳನ್ನು ಬಲ್ಲವರು ದಯವಿಟ್ಟು ಬರೆಯಿರಿ. ಹಾಗೆಯೇ ‘ಪಡಖಾನೆ’ ಎಂಬ ಪದ ಕಲಬುರಗಿ, ಬೀದರ್ ಕಡೆ ಬಳಕೆಯಲ್ಲಿದೆಯೋ, ಅಲ್ಲಿ ಬೇರೆ ಪದವುಂಟೋ ತಿಳಿದರೆ ಇನ್ನೂ ಒಳ್ಳೆಯದು. ಲೇಖನ ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.