ಅಪ್‌ಡೇಟ್: ತಂಗಿಯ ಥಲಸ್ಸೇಮಿಯಾ ಪರೀಕ್ಷೆಯಲ್ಲಿ ಎಚ್‌ಬಿಎ2 3.4 ಬಂದಿತ್ತಲ್ಲ, ಉತ್ತರ ಸಿಕ್ಕಿತು

ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ) 66, ಎಚ್‌ಬಿಎ2 (ಬೀಟಾ ವಾಹಕರಲ್ಲಿ ಹೆಚ್ಚಿರುವ ಒಂದು ಬಗೆಯ ಹಿಮೋಗ್ಲೋಬಿನ್) ಶೇ. 3.4, ತಂಗಿ ಥಲಸ್ಸೇಮಿಯಾ (ಆನುವಂಶಿಕ ರಕ್ತದ ಕಾಯಿಲೆ) ವಾಹಕಿಯೋ ಎಂದು ಹಿಂದೆ ಕೇಳಿದ್ದೆ. ಹೌದು, ಬೀಟಾ ಥಲಸ್ಸೇಮಿಯಾ ವಾಹಕಿ. ಫೆರಿಟಿನ್ (ದೇಹದ ಕಬ್ಬಿಣ ಸಂಗ್ರಹದ ಸೂಚಕ) ಬರೀ 8 ಇತ್ತು. ಕಬ್ಬಿಣಾಂಶ ಕಡಿಮೆಯಿದ್ದರೆ ಎಚ್‌ಬಿಎ2 ಕೂಡ ಇಳಿಯುತ್ತದೆ, ಅದಕ್ಕೇ ಗೊಂದಲ. ಮೂರು ತಿಂಗಳ ಕಬ್ಬಿಣದ ಮಾತ್ರೆಯ ನಂತರ ಎಚ್‌ಬಿಎ2 4.3 ಬಂತು.

ಆಮೇಲೆ ಯಾವ ಮ್ಯುಟೇಶನ್ (ಜೀನ್‌ನ ಬದಲಾವಣೆ) ಎಂದು ತಿಳಿಯಲು ಡಿಎನ್‌ಎ ಪರೀಕ್ಷೆ. ಕಾಸರಗೋಡಿನಲ್ಲಿ ತೆಗೆದ 3 ಎಂಎಲ್ ರಕ್ತ ಇಡಿಟಿಎ ಟ್ಯೂಬಿನಲ್ಲಿ (ನೇರಳೆ ಮುಚ್ಚಳ) ಮಂಗಳೂರಿಗೆ ಹೋಯಿತು. ಹೆಪಾರಿನ್ ಟ್ಯೂಬು ಖಂಡಿತ ಬೇಡ, ಪಿಸಿಆರ್‌ಗೆ (ಡಿಎನ್‌ಎಯ ಪ್ರತಿಗಳನ್ನು ಮಾಡುವ ವಿಧಾನ) ಅಡ್ಡಿ. ಮೊದಲು ಮಾಡಿದ ಆರ್ಮ್ಸ್-ಪಿಸಿಆರ್ ಎಂಬ ಪರೀಕ್ಷೆ ಸಾಮಾನ್ಯ ಮ್ಯುಟೇಶನ್‌ಗಳನ್ನಷ್ಟೇ ಹುಡುಕುತ್ತದೆ. ಅದರಲ್ಲೇ ಐವಿಎಸ್1-5 ಎಂಬ ಮ್ಯುಟೇಶನ್ ಸಿಕ್ಕಿತು. ಸಿಗದಿದ್ದರೆ ಸ್ಯಾಂಗರ್ ಸೀಕ್ವೆನ್ಸಿಂಗ್ (ಜೀನ್‌ನ ಅಕ್ಷರಗಳನ್ನು ಸಾಲಾಗಿ ಓದುವ ಪರೀಕ್ಷೆ), ಅದಕ್ಕೂ ಕಾಣದ ದೊಡ್ಡ ಡಿಲೀಷನ್‌ಗೆ (ಜೀನ್‌ನ ತುಂಡೇ ಇಲ್ಲದಿರುವುದು) ಎಂಎಲ್‌ಪಿಎ ಎಂಬ ಪರೀಕ್ಷೆ.

ಈಗ ಭಾವನ (ತಂಗಿಯ ಗಂಡ) ಎಚ್‌ಪಿಎಲ್‌ಸಿ (ಎಚ್‌ಬಿಎ2 ಅಳೆಯುವ ರಕ್ತಪರೀಕ್ಷೆ) ಬಾಕಿ. ಅವರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಅಪಾಯ ಶೇ. 25; ಗರ್ಭದ 11ನೇ ವಾರದಿಂದ ಸಿವಿಎಸ್ (ಮಾಸುವಿನ ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಬಹುದು, ಆದರೆ ಅಷ್ಟರೊಳಗೆ ಇಬ್ಬರ ಮ್ಯುಟೇಶನ್ನೂ ಗೊತ್ತಿರಲೇಬೇಕು.