ಗೇಟಿನೊಳಗೆ ಎಸೆದ ಪಾರ್ಸೆಲ್ ನಾಯಿ ಬಾಯಿಗೆ: ವಸ್ತಿಯವರೆಲ್ಲ ಸೇರಿ ಒಂದು ದಾರಿ ಹುಡುಕೋಣ

ಬೇವಿನ ಮರದ ಮನೆ
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ನಾನು ನಮ್ಮ ವಸ್ತಿಯ ಈ ಗ್ರೂಪಿನಲ್ಲಿ ಹಾಕಿದ ಫೋಟೊ ನೋಡಿರಬೇಕು. ಅದು ನಮ್ಮ ಅಪ್ಪನ ಕಿವಿ ಮಷಿನ್. ರಿಪೇರಿಗೆ ಕಳಿಸಿ ಹತ್ತೊಂಬತ್ತು ದಿನ ಕಾದಿದ್ದೆವು. ನಿನ್ನೆ ಬಂತು. ನಾವೆಲ್ಲ ಕಬ್ಬಿಗೆ ನೀರು ಬಿಡೋಕೆ ಹೋಗಿದ್ದೆವು, ಹೊಲದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ತಂದ ಹುಡುಗ ಗೇಟಿನ ಮೇಲಿಂದ ಒಳಗೆ ಎಸೆದು ಹೋಗಿದ್ದಾನೆ. ಸಂಜೆ ಬಂದು ನೋಡಿದರೆ ತುಳಸಿ ಕಟ್ಟೆ ಸುತ್ತ ಬರೀ ರಟ್ಟಿನ ಚೂರು. ಮಷಿನ್ ಮೇಲೆ ನಾಲ್ಕು ಹಲ್ಲಿನ ಗುರುತು.

ಅಪ್ಪ ಅದನ್ನು ಧೋತರದ ಚುಂಗಿನಿಂದ ಒರೆಸಿದರು. ಕಿವಿಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಸುಮ್ನೆ ಕೂತರು. ತೆಗೆದು ಮತ್ತೆ ಒರೆಸಿದರು. ಅದನ್ನು ನೋಡಿ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾರ ನಾಯಿ ಅಂತ ನಾನು ಕೇಳುತ್ತಿಲ್ಲ. ನಮ್ಮ ಮನೆಯದ್ದೇ ಇರಬಹುದು. ಆದರೆ ಈ ಎರಡು ತಿಂಗಳಲ್ಲಿ ನಮ್ಮ ವಸ್ತಿಯಲ್ಲಿ ಹೀಗೆ ಆಗಿದ್ದು ಇದು ನಾಲ್ಕನೇ ಸಲ ಅಲ್ವಾ? ಒಬ್ಬೊಬ್ಬರೇ ಬೈದುಕೊಂಡು ಸುಮ್ನಾಗೋದು ಬೇಡ. ಏನು ಮಾಡಬಹುದು, ಎಲ್ಲರೂ ಹೇಳಿ.

ಕೆನಾಲ್ ಪಕ್ಕದ ಮನೆ
ಅಕ್ಕಾರೆ, ನಮ್ಮದೂ ಹೋಗಿದೆ. ಡ್ರಿಪ್ ಪೈಪಿನ ಜಾಯಿಂಟರ್, ವಾಷರ್ ಎಲ್ಲ ಸೇರಿ 2,400 ರೂಪಾಯಿ ಸಾಮಾನು. ಅರ್ಧ ದಾರಿ ಮೇಲೆ ಸಿಕ್ಕಿತು, ಅರ್ಧ ಸಿಗಲೇ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ‘ಮನೆಗೆ ತಲುಪಿದೆ’ ಅಂತ ಫೋಟೊ ತೋರಿಸುತ್ತಾರೆ. ಸಿಟ್ಟಿನಲ್ಲೇ ಹೇಳುತ್ತೇನೆ, ಈ ನಾಯಿಗಳಿಗೆ ಎರಡು ಉಂಡೆ ಹಾಕಿದರೆ ಎಲ್ಲ ಸರಿಯಾಗುತ್ತೆ.

ಬೇವಿನ ಮರದ ಮನೆ
ಅಣ್ಣಾರೆ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ಆ ಮಾತು ದಯವಿಟ್ಟು ಬೇಡ. ವಿಷದ ಉಂಡೆ ಯಾವ ನಾಯಿ ತಿನ್ನುತ್ತೆ ಅಂತ ನಮ್ಮ ಕೈಯಲ್ಲಿರಲ್ಲ. ಕಾಗೆ ತಿನ್ನುತ್ತೆ, ನವಿಲು ತಿನ್ನುತ್ತೆ, ಮಕ್ಕಳು ಮುಟ್ಟುತ್ತಾರೆ. ಪಾರ್ಸೆಲ್ ಹೋಯ್ತು ಅಂತ ಜೀವ ತೆಗೆಯೋದಕ್ಕೆ ನಾನು ಒಪ್ಪಲ್ಲ.

ಮಾಸ್ತರ ಮನೆ
ಕಾನೂನಿನಲ್ಲೂ ಅದು ದೊಡ್ಡ ಅಪರಾಧ. ಪ್ರಾಣಿಗೆ ವಿಷ ಹಾಕಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. ಬೀದಿ ನಾಯಿಗಳಿಗೆ ಸಂತಾನ ಹರಣ ಚಿಕಿತ್ಸೆ ಮಾಡಿಸೋದು, ರೇಬಿಸ್ ಲಸಿಕೆ ಹಾಕಿಸೋದು ಸ್ಥಳೀಯ ಸಂಸ್ಥೆಯ ಜವಾಬ್ದಾರಿ ಅಂತ 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿದೆ. ಪಂಚಾಯ್ತಿಗೆ ಅರ್ಜಿ ನಾನು ಬರೆಯುತ್ತೇನೆ, ಎಲ್ಲರೂ ಸಹಿ ಹಾಕಿ. ಆದರೆ ಅರ್ಜಿ ಕೆಲಸ ಮಾಡೋವರೆಗೆ ಪಾರ್ಸೆಲ್ ಕಾಯೋದು ನಮ್ಮದೇ ಕೆಲಸ.

ನಿವೃತ್ತ ಪೋಸ್ಟ್‌ಮನ್ ಕಾಕಾ
ನಾನು ಮುಧೋಳ ಸುತ್ತಮುತ್ತಲಿನ ವಸ್ತಿಗಳಿಗೆ ಸೈಕಲ್ ಮೇಲೆ ಟಪಾಲು ಹಂಚಿದವನು. ನಾಯಿ ವಿಷಯ ಎರಡು ಮಾತು ಹೇಳುತ್ತೇನೆ.

ನಮ್ಮ ಭಾಗದಲ್ಲಿ ಪ್ರತಿ ವಸ್ತಿಯಲ್ಲೂ ಒಂದಾದರೂ ಮುಧೋಳ ನಾಯಿ, ಇಲ್ಲ ಅದರ ಬೆರಕೆ ಇದ್ದೇ ಇರುತ್ತೆ. ಇದು ಕಣ್ಣಿನಿಂದ ಬೇಟೆ ಆಡೋ ತಳಿ. ಮೂಸಿ ಹುಡುಕೋದಕ್ಕಿಂತ ಓಡೋದನ್ನು ನೋಡಿ ಬೆನ್ನಟ್ಟೋದು ಜಾಸ್ತಿ. ಹುಡುಗ ಪಾರ್ಸೆಲ್ ಎಸೆದು ಬೈಕ್ ತಿರುಗಿಸಿ ಜೋರಾಗಿ ಓಡಿಸಿದ ಅಂದರೆ ನಾಯಿ ಕಣ್ಣಿಗೆ ಅದು ಬೇಟೆ. ಹಾರಿ ಬಿದ್ದ ಪೊಟ್ಟಣವೂ ಬೇಟೆ. ಗಾಳಿಗೆ ಪಟಪಟ ಅನ್ನೋ ಪ್ಲಾಸ್ಟಿಕ್ ಕವರ್ ಅಂತೂ ಕೇಳೋದೇ ಬೇಡ. ನಾಲ್ಕರಿಂದ ಆರು ತಿಂಗಳ ಮರಿ ಇದ್ದರೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗ ಸಿಕ್ಕಿದ್ದೆಲ್ಲ ಕಚ್ಚುತ್ತೆ. ಹಾಗಾಗಿ ಬೈದರೆ, ಹೊಡೆದರೆ ಪ್ರಯೋಜನ ಇಲ್ಲ.

ಈ ನಾಯಿ ನಮ್ಮ ಊರಿನ ಹೆಸರು. 2005ರಲ್ಲಿ ನಮ್ಮ ಅಂಚೆ ಇಲಾಖೆಯೇ ಇದರ ಚಿತ್ರದ ಅಂಚೆ ಚೀಟಿ ತಂದಿತ್ತು. ಆ ಚೀಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ತಿಮ್ಮಾಪುರದಲ್ಲಿ ಇದಕ್ಕೇ ಅಂತ ಸಂಶೋಧನಾ ಕೇಂದ್ರ ಇದೆ, ಸೈನ್ಯದವರೂ ಇಲ್ಲಿಂದ ಮರಿ ಒಯ್ದು ತರಬೇತಿ ಕೊಟ್ಟರು. ಇಂಥ ನಾಯಿಗೆ ಉಂಡೆ ಹಾಕೋ ಮಾತು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು.

ಕೆನಾಲ್ ಪಕ್ಕದ ಮನೆ
ಕಾಕಾರೆ, ಸಿಟ್ಟಿನಲ್ಲಿ ಅಂದೆ. ಹಾಕಲ್ಲ ಬಿಡಿ. ಆದರೆ ನಾಯಿ ಸಾಕಿದವರೂ ಹಗಲಲ್ಲಿ ಕಟ್ಟಿ ಹಾಕಲಿ.

ಕಿರಾಣಿ ಅಂಗಡಿ
ನಮ್ಮ ತಂಗಿ ಮಗ ಇದೇ ಡೆಲಿವರಿ ಕೆಲಸ ಮಾಡುತ್ತಾನೆ, ಬೇರೆ ರೂಟಿನಲ್ಲಿ. ಅವನ ಪರವಾಗಿಯೂ ಹೇಳಬೇಕು. ಡಾಂಬರು ರಸ್ತೆ ಬಿಟ್ಟು ಕಚ್ಚಾ ದಾರಿಗೆ ಇಳಿದರೆ ಒಂದು ಮನೆಗೆ ಹೋಗಿ ಬರೋಕೆ ಅರ್ಧ ಗಂಟೆ. ಗೇಟಿಗೆ ಬಂದರೆ ಒಳಗಿಂದ ಮೂರು ನಾಯಿ. ಹಾರ್ನ್ ಹೊಡೆದರೆ ಯಾರೂ ಬರಲ್ಲ. ಹೋದ ವರ್ಷ ಅವನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿತ್ತು. ಆ ಮನೆಯವರು ಖಾರದ ಪುಡಿ ಹಚ್ಚೋಕೆ ಬಂದರಂತೆ! ಹಾಗೆ ಯಾವತ್ತೂ ಮಾಡಬೇಡಿ. ಹರಿಯೋ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅವನು ಇಂಜೆಕ್ಷನ್ ಎಲ್ಲ ಪೂರ್ತಿ ಮಾಡಿಸಿಕೊಂಡ. ಆದರೆ ಈಗಲೂ ನಾಯಿ ಬೊಗಳಿದರೆ ಅವನ ಕಾಲು ನಡುಗುತ್ತೆ. ಎಸೆದು ಹೋಗೋದು ತಪ್ಪೇ. ಆದರೆ ಒಳಗೆ ಬಂದು ಇಡು ಅಂತ ಹೇಳೋಕೂ ಆಗಲ್ಲ.

ದೊಡ್ಡ ಬಾವಿ ಮನೆ
ನಮ್ಮ ಅತ್ತೆ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ‘ಬೆಣ್ಣೆ ಗಡಿಗೆ ಬೆಕ್ಕಿಗೆ ಸಿಗಬಾರದು ಅಂತ ನಾವು ಏನು ಮಾಡುತ್ತಿದ್ದೆವು? ಬೆಕ್ಕು ಕಟ್ಟಿ ಹಾಕುತ್ತಿದ್ದೆವಾ? ನೆಲುವಿಗೆ, ಅಂದರೆ ಸೂರಿಗೆ ತೂಗು ಹಾಕಿದ ಹಗ್ಗದ ಬಲೆಗೆ, ಇಡುತ್ತಿದ್ದೆವು. ಇದನ್ನೂ ನೆಲುವಿಗೆ ಇಡಿ’ ಅಂತ.

ಬೇವಿನ ಮರದ ಮನೆ
ವೈನಿ, ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಬೆಳಿಗ್ಗೆಯಿಂದ ನಾನು ಹುಡುಕುತ್ತಿದ್ದ ಮಾತು ಇದೇ. ಪಾರ್ಸೆಲ್ ನೆಲ ಮುಟ್ಟಬಾರದು, ಅಷ್ಟೇ. ಡೆಲಿವರಿ ಹುಡುಗ ಗೇಟಿನ ಒಳಗೆ ಕಾಲಿಡೋದೂ ಬೇಡ.

ವೆಲ್ಡಿಂಗ್ ಅಂಗಡಿ
ಅಕ್ಕಾ, ಇದು ನನ್ನ ಕೆಲಸ. ಮೊದಲು ಒಂದು ಮಾತು. ಚೀಲ ತೂಗು ಹಾಕಿದರೆ ಸಾಲಲ್ಲ. ಮುಧೋಳ ನಾಯಿ ಹಿಂಗಾಲ ಮೇಲೆ ನಿಂತರೆ ನಮ್ಮ ಎದೆಗೆ ಬರುತ್ತೆ, ಚೀಲದ ಬುಡ ಹಿಡಿದು ಎಳೆದು ಬಿಡುತ್ತೆ. ತಗಡಿನ ಡಬ್ಬ ಬೇಕು. ನನ್ನ ಹತ್ತಿರ ಹಳೇ ಟ್ರಂಕು ಎರಡು ಇವೆ. ಜಿಐ ಪೈಪಿನ ಎರಡು ಕಾಲು ಕೊಟ್ಟು ನಾಲ್ಕು ಅಡಿ ಎತ್ತರಕ್ಕೆ ನಿಲ್ಲಿಸಬಹುದು. ಮುಚ್ಚಳ ಮುಂದಕ್ಕೆ ಇಳಿಜಾರು ಇರಬೇಕು, ಎರಡು ಇಂಚು ಹೊರಗೆ ಚಾಚಬೇಕು, ಇಲ್ಲದಿದ್ದರೆ ಮಳೆ ನೀರು ಬಿಜಾಗರಿ ಸಂದಿಯಿಂದ ಒಳಗೆ ಹೋಗುತ್ತೆ. ಬುಡಕ್ಕೆ ಸಣ್ಣ ತೂತು ಎರಡು. ಬರೀ ಮುಚ್ಚಳ ಇದ್ದರೆ ನಾಯಿ ಮೂತಿಯಿಂದಲೇ ಎತ್ತುತ್ತೆ, ಅದಕ್ಕೆ ತಿರುಗಿಸೋ ಚಿಲಕ ಹಾಕುತ್ತೇನೆ. ಮನುಷ್ಯರ ಕೈಗೆ ಸುಲಭ, ನಾಯಿಗೆ ಆಗಲ್ಲ.

ಕೂಲಿ ಬೇಡ. ವೆಲ್ಡಿಂಗ್ ರಾಡು, ಪೈಪು, ಬಣ್ಣ ಮಾತ್ರ ಎಲ್ಲರೂ ಸೇರಿ ಕೊಡಿ.

ಕೆನಾಲ್ ಪಕ್ಕದ ಮನೆ
ನನ್ನ ಹತ್ತಿರ ಔಷಧಿ ಹೊಡೆಯೋಕೆ ಬಳಸಿದ 200 ಲೀಟರ್ ಬ್ಯಾರಲ್ ಖಾಲಿ ಇದೆ. ಅದನ್ನೇ ಅಡ್ಡ ಮಲಗಿಸಿ ಬಾಯಿ ಮಾಡಿದರೆ?

ಮಾಸ್ತರ ಮನೆ
ಕೀಟನಾಶಕ ಕಲಸಿದ ಬ್ಯಾರಲ್ ಬೇಡ ಸರ್. ಎಷ್ಟು ತೊಳೆದರೂ ಒಳಗೆ ಅಂಶ ಉಳಿಯುತ್ತೆ. ಅದರೊಳಗೆ ಮಕ್ಕಳ ಬಟ್ಟೆ, ಮಾತ್ರೆ ಬರುತ್ತವೆ. ಟ್ರಂಕೇ ಒಳ್ಳೆಯದು.

ದೊಡ್ಡ ಬಾವಿ ಮನೆ
ನನ್ನದೊಂದು ಪ್ರಶ್ನೆ. ನಮ್ಮ ಮಾವನವರಿಗೆ ಇನ್ಸುಲಿನ್ ಪಾರ್ಸೆಲ್‌ನಲ್ಲಿ ಬರುತ್ತೆ. ಏಪ್ರಿಲ್ ಬಿಸಿಲಿಗೆ ತಗಡಿನ ಡಬ್ಬ ಒಲೆ ಆಗುತ್ತಲ್ಲ?

ಬೇವಿನ ಮರದ ಮನೆ
ಸರಿಯಾಗಿ ಕೇಳಿದಿರಿ ವೈನಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅದನ್ನು ಡಬ್ಬಕ್ಕೆ ಹಾಕಿಸಲೇ ಬೇಡಿ. ಕಿರಾಣಿ ಅಂಗಡಿಯ ವಿಳಾಸಕ್ಕೆ ತರಿಸಿ, ಅಲ್ಲಿ ಫ್ರಿಜ್ ಇದೆ. ಡಬ್ಬಕ್ಕೆ ಬಿಳಿ ಬಣ್ಣ ಹಚ್ಚಿ ನಮ್ಮ ಬೇವಿನ ಮರದ ನೆರಳಲ್ಲೇ ನಿಲ್ಲಿಸೋಣ. ಮರ ಡಾಂಬರು ರಸ್ತೆಗೂ ಹತ್ತಿರ, ಹುಡುಗ ಒಳಗೆ ಬರಬೇಕಾಗಿಲ್ಲ.

ತಿನ್ನೋ ಸಾಮಾನೂ ಡಬ್ಬದಲ್ಲಿ ರಾತ್ರಿ ಉಳಿಯಬಾರದು. ಹೋದ ದೀಪಾವಳಿಗೆ ವಿಜಯಪುರದ ಬೀಗರು ಒಣದ್ರಾಕ್ಷಿ ಕಳಿಸಿದ್ದರು, ನಮ್ಮ ನಾಯಿ ಅರ್ಧ ಪೊಟ್ಟಣ ಖಾಲಿ ಮಾಡಿತ್ತು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ ಅಂತ ನನಗೆ ಗೊತ್ತಿರಲಿಲ್ಲ. ಎರಡು ದಿನ ಅದಕ್ಕೆ ಸಲೈನ್ ಹಾಕಿಸಿದೆವು. ನಿನ್ನೆಯೂ ಅದೇ ಭಯ. ಕಿವಿ ಮಷಿನ್ ಜೊತೆ ಆರು ಗುಂಡಿ ಸೆಲ್ ಇದ್ದವು, ಐದೇ ಸಿಕ್ಕವು. ಪಶು ವೈದ್ಯರಿಗೆ ಫೋನ್ ಮಾಡಿದರೆ, ನುಂಗಿದ್ದರೆ ಸೆಲ್ ಒಳಗೆ ಸುಡುತ್ತೆ, ಕಾಯಬೇಡಿ, ತಕ್ಷಣ ಕರೆದುಕೊಂಡು ಬನ್ನಿ ಅಂದರು. ನಾಯಿಯನ್ನು ಗಾಡಿ ಹತ್ತಿಸುವಾಗ ಅಪ್ಪ ಟಾರ್ಚ್ ಹಿಡಿದು ಕಟ್ಟೆಯ ಸಂದಿಯಲ್ಲಿದ್ದ ಆರನೇ ಸೆಲ್ ಹುಡುಕಿ ತೆಗೆದರು. ಹಾಳಾಗಿದ್ದು ಅವರ ಮಷಿನ್, ಆದರೂ ಅವರ ಚಿಂತೆಯೆಲ್ಲ ನಾಯಿಯದ್ದೇ ಆಗಿತ್ತು.

ನಿವೃತ್ತ ಪೋಸ್ಟ್‌ಮನ್ ಕಾಕಾ
ವಿಳಾಸದ ವಿಷಯ. ‘ವಸ್ತಿ, ಮುಧೋಳ ತಾಲ್ಲೂಕು’ ಅಂತ ಬರೆದರೆ ಹೊಸ ಹುಡುಗನಿಗೆ ಏನು ತಿಳಿಯುತ್ತೆ? ವಿಳಾಸದ ಎರಡನೇ ಸಾಲಿನಲ್ಲೇ ಬರೆಯಿರಿ: ‘ರಸ್ತೆ ಪಕ್ಕ ಬೇವಿನ ಮರದ ಕೆಳಗಿನ ಬಿಳಿ ಡಬ್ಬದಲ್ಲಿ ಇಡಿ, ಗೇಟಿನೊಳಗೆ ಎಸೆಯಬೇಡಿ, ನಾಯಿ ಇದೆ.’ ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ, ಹತ್ತು ಅಕ್ಷರದ ಗುರುತು. ಸುಮಾರು ನಾಲ್ಕು ಮೀಟರ್ ಜಾಗವನ್ನೂ ಬೇರೆ ಬೇರೆಯಾಗಿ ತೋರಿಸುತ್ತೆ. ಮನೆ ನಂಬರ್ ಇಲ್ಲದ ನಮ್ಮಂಥ ತೋಟದ ಮನೆಗೆ ಇದು ಬಹಳ ಉಪಯೋಗ. ಡಬ್ಬ ನಿಂತ ಮೇಲೆ ಆ ಜಾಗದ ಡಿಜಿಪಿನ್ ತೆಗೆದು ಇಲ್ಲೇ ಹಾಕುತ್ತೇನೆ.

ಕಿರಾಣಿ ಅಂಗಡಿ
ಬೆಲೆ ಬಾಳೋ ಸಾಮಾನು, ಒಟಿಪಿ ಕೇಳೋ ಪಾರ್ಸೆಲ್ ಇದ್ದರೆ ನನ್ನ ಅಂಗಡಿಗೆ ತರಿಸಿ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಯಾರಾದರೂ ಇರುತ್ತೇವೆ. ಒಂದು ನೋಟ್‌ಬುಕ್ ಇಡುತ್ತೇನೆ, ತೆಗೆದುಕೊಂಡು ಹೋಗುವಾಗ ಸಹಿ ಮಾಡಿ. ದುಡ್ಡು ಕೊಟ್ಟು ಬಿಡಿಸಿಕೊಳ್ಳೋ ಪಾರ್ಸೆಲ್ ಆದರೆ ಮೊದಲೇ ದುಡ್ಡು ಕೊಟ್ಟಿರಿ, ಸಾಲ ಬರೆದುಕೊಳ್ಳೋಕೆ ಆಗಲ್ಲ.

ಕೆನಾಲ್ ಪಕ್ಕದ ಮನೆ
ಪೈಪಿನ ಖರ್ಚು ನಾನು ಕೊಡುತ್ತೇನೆ. ಗುಂಡಿ ತೋಡೋಕೂ ಬರುತ್ತೇನೆ.

ಬೇವಿನ ಮರದ ಮನೆ
ಅಣ್ಣಾರೆ, ತುಂಬಾ ಸಂತೋಷ ಆಯ್ತು. ಹಾಗಾದರೆ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮರದ ಹತ್ತಿರ ಸೇರೋಣ. ಸಿಮೆಂಟ್ ಅರ್ಧ ಚೀಲ ನಮ್ಮ ಮನೆಯಲ್ಲಿದೆ. ಕಡಿ ಇದ್ದವರು ಎರಡು ಪುಟ್ಟಿ ತನ್ನಿ. ಮಾಸ್ತರೆ, ಅರ್ಜಿಯನ್ನೂ ಅಲ್ಲಿಗೇ ತನ್ನಿ, ಎಲ್ಲರೂ ಸಹಿ ಮಾಡುತ್ತೇವೆ. ಲಸಿಕೆ ಹಾಕಿಸದ ಸಾಕು ನಾಯಿ ಎಷ್ಟಿವೆ ಅಂತ ಅವತ್ತೇ ಲೆಕ್ಕ ತೆಗೆಯೋಣ, ನಮ್ಮದರಿಂದಲೇ ಶುರು ಮಾಡಿ. ತಿಂಡಿ ನಮ್ಮ ಮನೆಯದು, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ.

ಅಪ್ಪನ ಮಷಿನ್ ಇವತ್ತು ಮತ್ತೆ ರಿಪೇರಿಗೆ ಕಳಿಸಿದೆ. ಸರಿ ಆಗುತ್ತೆ ಅಂತ ಹೇಳಿದ್ದಾರೆ. ವಾಪಸ್ ಬರೋದು ಕಿರಾಣಿ ಅಂಗಡಿಗೆ. ಅದರ ಕವರ್ ಮೇಲೆ ವಿಳಾಸ ಅಪ್ಪನೇ ತಮ್ಮ ಕೈಯಾರೆ ಬರೆದರು, ದೊಡ್ಡ ಅಕ್ಷರದಲ್ಲಿ.