ಪದಚರ್ಚೆ: ‘ಕೊಲ್ಯೂಷನ್’ ಎಂದರೆ ಒಳಸಂಚೇ? ವಿದೇಶಿ ನೆರವು ‘ಕೋರುವುದು’ ಅಪರಾಧವೇ?

ಮಾನ್ಯರೇ,

ಅಮೆರಿಕದ ಚುನಾವಣಾ ಕಾನೂನನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎದುರಾಳಿಯನ್ನು ಮಣಿಸಲು ಹೊರದೇಶದವರ ನೆರವು ಕೇಳುವ ಪ್ರಚಾರ ತಂಡವು ಅಪರಾಧ ಎಸಗಿದಂತಾಗುತ್ತದೆಯೇ ಎಂಬುದು ಅದರ ಮುಖ್ಯ ಪ್ರಶ್ನೆ. ನಮ್ಮ ಪತ್ರಿಕೆಗಳು ಈ ಸಂದರ್ಭದಲ್ಲಿ ಒಳಸಂಚು, ಪಿತೂರಿ, ಶಾಮೀಲು, ಒಳಒಪ್ಪಂದ, ದೇಶದ್ರೋಹ ಎಂಬ ಪದಗಳನ್ನು ಒಂದರ ಬದಲು ಇನ್ನೊಂದರಂತೆ ಬಳಸುತ್ತವೆ. ಆದರೆ ಯಾವ ಪದ ಆರಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಆ ಪ್ರಶ್ನೆಯ ಉತ್ತರವೇ ಬದಲಾಗುವುದರಿಂದ, ನನ್ನ ಆಯ್ಕೆಗಳನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಮೊದಲಿಗೆ ‘ಕೊಲ್ಯೂಷನ್’, ಅಂದರೆ ಗುಟ್ಟಾಗಿ ಕೈಜೋಡಿಸುವುದು. 2016ರ ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪವನ್ನು ತನಿಖೆ ಮಾಡಿದ ರಾಬರ್ಟ್ ಮುಲ್ಲರ್ ಅವರ ವರದಿ 2019ರ ಏಪ್ರಿಲ್‌ನಲ್ಲಿ ಪ್ರಕಟವಾದಾಗ, ಸುದ್ದಿವಾಹಿನಿಗಳಲ್ಲಿ ಎರಡು ವರ್ಷ ಮೊಳಗಿದ್ದ ಈ ಪದವನ್ನು ಅದು ಬದಿಗೆ ಸರಿಸಿತ್ತು. ಇದು ಅಮೆರಿಕದ ಒಕ್ಕೂಟ ದಂಡಸಂಹಿತೆಯಲ್ಲಿ ಹೆಸರಿಸಲಾದ ಅಪರಾಧವಲ್ಲ, ಕ್ರಿಮಿನಲ್ ಕಾನೂನಿನ ಪಾರಿಭಾಷಿಕ ಪದವೂ ಅಲ್ಲ ಎಂಬುದು ಅದರ ವಿವರಣೆಯಾಗಿತ್ತು. ಆದ್ದರಿಂದ ವರದಿಯು ಅಪರಾಧವೆಂದು ಕಾನೂನು ಗುರುತಿಸುವ ‘ಕಾನ್ಸ್ಪಿರಸಿ’ಯ ಅಳತೆಗೋಲನ್ನು ಹಿಡಿಯಿತು, ಅದಕ್ಕೆ ಒಪ್ಪಂದದ ಪುರಾವೆ ಬೇಕು. ಕನ್ನಡದ ಕಾನೂನು ಬರವಣಿಗೆಯಲ್ಲಿ ಒಳಸಂಚು ಎಂಬುದು ‘ಕಾನ್ಸ್ಪಿರಸಿ’ಗೆ ಆಗಲೇ ಮೀಸಲಾಗಿರುವುದರಿಂದ, ‘ಕೊಲ್ಯೂಷನ್’ಗೂ ಅದನ್ನೇ ಬಳಸಿದರೆ ತನಿಖಾಧಿಕಾರಿ ಶ್ರಮಪಟ್ಟು ಕಾಪಾಡಿಕೊಂಡ ಅಂತರವನ್ನು ನಾವು ಒಂದೇ ಏಟಿಗೆ ಅಳಿಸಿದಂತಾಗುತ್ತದೆ. ಇಲ್ಲಿ ‘ಶಾಮೀಲು’ ಸರಿಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಶಾಮೀಲಾಗುವುದರಲ್ಲಿ ಕಳಂಕದ ಛಾಯೆ ಇದೆ, ಆದರೆ ಕಲಮಿನ ಸಂಖ್ಯೆ ಇಲ್ಲ. ‘ಒಳಒಪ್ಪಂದ’ವೂ ಚೆನ್ನಾಗಿದೆಯಾದರೂ, ಒಪ್ಪಂದ ಇತ್ತೇ ಇಲ್ಲವೇ ಎಂಬುದೇ ವಿವಾದವಾಗಿರುವ ಕಡೆ ಆ ಪದ ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತದೆ.

‘ದೇಶದ್ರೋಹ’ವನ್ನು ಇಲ್ಲಿ ಬಳಸಲೇಬಾರದು. ಅಮೆರಿಕದ ಸಂವಿಧಾನವೇ ಅದಕ್ಕೆ ಬಿಗಿಯಾದ ವ್ಯಾಖ್ಯೆ ಕೊಟ್ಟಿದೆ: ದೇಶದ ವಿರುದ್ಧ ಯುದ್ಧ ಹೂಡಬೇಕು, ಇಲ್ಲವೇ ಶತ್ರುಗಳ ಪಕ್ಷ ವಹಿಸಿ ಅವರಿಗೆ ನೆರವಾಗಬೇಕು. 1968ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ರಿಚರ್ಡ್ ನಿಕ್ಸನ್ ಪಾಳೆಯದ ಪರವಾಗಿ ಆನ್ನಾ ಶೆನಾಲ್ಟ್ ಎಂಬವರು ವಿಯೆಟ್ನಾಂ ಶಾಂತಿ ಮಾತುಕತೆಯಿಂದ ಹಿಂದೆ ಸರಿಯುವಂತೆ ದಕ್ಷಿಣ ವಿಯೆಟ್ನಾಮಿಗೆ ಸಂದೇಶ ಮುಟ್ಟಿಸುತ್ತಿದ್ದಾರೆಂದು ತಿಳಿದಾಗ, ಅಧ್ಯಕ್ಷ ಲಿಂಡನ್ ಜಾನ್ಸನ್ ಫೋನಿನಲ್ಲಿ ದೇಶದ್ರೋಹ ಎಂಬರ್ಥದ ಮಾತನ್ನೇ ಆಡಿದ್ದರು. ದಕ್ಷಿಣ ವಿಯೆಟ್ನಾಂ ಶತ್ರುವಲ್ಲ, ಮಿತ್ರದೇಶ. ಆ ಪ್ರಸಂಗದಲ್ಲಿ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಸಿಟ್ಟಿನಲ್ಲಿ ಬಂದ ಮಾತನ್ನು ಅನುವಾದಿಸುವಾಗ ದೇಶದ್ರೋಹ ಎಂದೇ ಬರೆಯಬೇಕಾಗುತ್ತದೆ, ಆದರೆ ವರದಿಗಾರನ ಸ್ವಂತ ವಾಕ್ಯದೊಳಗೆ ಅದು ನುಸುಳಬಾರದು.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಈ ವಿಷಯಕ್ಕೆ ನೇರವಾಗಿ ಅನ್ವಯಿಸುವ ಒಕ್ಕೂಟ ಚುನಾವಣಾ ಪ್ರಚಾರ ಕಾಯಿದೆಯ ಪ್ರಕಾರ, ಚುನಾವಣೆಗೆ ಸಂಬಂಧಪಟ್ಟಂತೆ ವಿದೇಶಿಯೊಬ್ಬನಿಂದ ಹಣವನ್ನಾಗಲಿ ‘ಬೆಲೆಯುಳ್ಳ’ ಇತರ ವಸ್ತುವನ್ನಾಗಲಿ ದೇಣಿಗೆಯಾಗಿ ಪಡೆಯುವುದಷ್ಟೇ ಅಲ್ಲ, ‘ಸಾಲಿಸಿಟ್’ ಮಾಡುವುದೂ ನಿಷಿದ್ಧ. ಅಂದರೆ ವಸ್ತು ಕೈಸೇರದಿದ್ದರೂ, ಕೊಡುವವನು ಒಪ್ಪದಿದ್ದರೂ, ಕೇಳಿದ್ದೇ ಉಲ್ಲಂಘನೆ. ಈ ಕ್ರಿಯಾಪದಕ್ಕೆ ನಮ್ಮಲ್ಲಿ ಸಲೀಸಾಗಿ ಬರುವ ಪದ ‘ಕೋರು’. ಆದರೆ ಕನ್ನಡದ ‘ಕೋರು’ ಎರಡು ದಿಕ್ಕಿಗೂ ವಾಲುತ್ತದೆ. ಕ್ಷಮೆ ಕೋರುವವನು ಎದುರಿಗಿರುವವನಿಂದ ಏನನ್ನೋ ಕೇಳುತ್ತಾನೆ; ಶುಭ ಕೋರುವವನು ಯಾರಿಂದಲೂ ಏನನ್ನೂ ಕೇಳುವುದಿಲ್ಲ, ಬರೀ ಹಾರೈಸುತ್ತಾನೆ. ಕಾನೂನು ಇಡೀ ಭಾರ ಹಾಕಿರುವುದು ಇದೇ ಗೆರೆಯ ಮೇಲೆ.

2016ರ ಜುಲೈ 27ರ ಪತ್ರಿಕಾಗೋಷ್ಠಿಯಲ್ಲಿ ಡೊನಾಲ್ಡ್ ಟ್ರಂಪ್, ರಷ್ಯಾ ಕೇಳಿಸಿಕೊಳ್ಳುತ್ತಿದ್ದರೆ ಎದುರಾಳಿ ಹಿಲರಿ ಕ್ಲಿಂಟನ್ ಅವರ ಕಾಣೆಯಾಗಿರುವ 30,000 ಇಮೇಲ್‌ಗಳನ್ನು ಹುಡುಕಿ ತೆಗೆಯುವುದೆಂದು ಆಶಿಸುತ್ತೇನೆ ಎಂಬರ್ಥದ ಮಾತನಾಡಿದರು. ಸುಮಾರು ಐದು ಗಂಟೆಗಳೊಳಗೆ ರಷ್ಯಾದ ಸೇನಾ ಗುಪ್ತಚರರು ಹಿಲರಿ ಕ್ಲಿಂಟನ್ ಅವರ ಖಾಸಗಿ ಕಚೇರಿಯ ಖಾತೆಗಳಿಗೆ ಮೊದಲ ಬಾರಿಗೆ ಗುರಿಯಿಟ್ಟರೆಂದು ಮುಲ್ಲರ್ ವರದಿ ದಾಖಲಿಸುತ್ತದೆ. ಆ ಮಾತು ಹಾರೈಕೆಯೇ, ಕೇಳಿಕೆಯೇ? ತಮಾಷೆಗೆ ಆಡಿದ್ದೆಂದು ಟ್ರಂಪ್ ಕಡೆಯವರು ಹೇಳಿದರು. ‘ರಷ್ಯಾದ ನೆರವು ಕೋರಿದರು’ ಎಂದು ಬರೆದರೆ ಓದುಗನಿಗೆ ಅದು ಬೇಡಿಕೆಯಾಗಿಯೇ ಕೇಳಿಸುತ್ತದೆ, ಬರೆದವನು ಮಾತ್ರ ಬೇಕಾದಾಗ ಹಾರೈಕೆಯ ಅರ್ಥದ ಹಿಂದೆ ಅಡಗಬಹುದು. ಅಮೆರಿಕದ ಚುನಾವಣಾ ಆಯೋಗದ ನಿಯಮವಾದರೋ, ಸಂದರ್ಭವನ್ನು ಗಮನಿಸಿದಾಗ ಕೇಳಿಕೆಯ ಸ್ಪಷ್ಟ ಸಂದೇಶ ಇರಬೇಕೆಂದೂ, ಆ ಕೇಳಿಕೆ ನೇರವಾಗಿರಬಹುದು, ಸೂಚ್ಯವಾಗಿಯೂ ಇರಬಹುದೆಂದೂ ಹೇಳುತ್ತದೆ. ಆದ್ದರಿಂದ ನಾನು ‘ಕೋರು’ವನ್ನು ಬಿಟ್ಟು ‘ಕೇಳಿಕೊಳ್ಳು’ ಎಂದು ಬಳಸುತ್ತಿದ್ದೇನೆ. ‘ಯಾಚಿಸು’ ದೈನ್ಯದ ಪದ. ಚುನಾವಣೆಗೆ ನಿಂತವರು ಮತವನ್ನು ಯಾಚಿಸುತ್ತಾರೆ, ಎದುರಾಳಿಯ ಹುಳುಕನ್ನು ಯಾಚಿಸುವುದಿಲ್ಲ.

ಎರಡನೆಯ ತೊಡಕು ‘ನೆರವು’. ಕಾನೂನಿನಲ್ಲಿ ಇರುವುದು ನೆರವಲ್ಲ, ಬೆಲೆಯುಳ್ಳ ವಸ್ತು. ಬ್ರಿಟನ್ನಿನ ಗಾಯಕ ಎಲ್ಟನ್ ಜಾನ್ 2008ರಲ್ಲಿ ಹಿಲರಿ ಕ್ಲಿಂಟನ್ ಅವರ ಪ್ರಚಾರ ನಿಧಿಗಾಗಿ ಸಂಭಾವನೆಯಿಲ್ಲದೆ ಹಾಡಿದ್ದು ನೆರವೆಂಬುದರಲ್ಲಿ ಸಂಶಯವಿಲ್ಲ. ಆದರೂ ಅದು ಸ್ವಯಂಸೇವೆಯೆಂದು ಎಣಿಕೆಯಾಗಿ ನಿಷೇಧದ ಹೊರಗುಳಿಯಿತು. ಹಣ ಕೊಟ್ಟು ವಿದೇಶಿಯ ಸೇವೆಯನ್ನು ಮಾರುಕಟ್ಟೆ ದರದಲ್ಲಿ ಕೊಂಡರೂ ದೇಣಿಗೆಯಾಗುವುದಿಲ್ಲ. ಬ್ರಿಟನ್ನಿನ ಮಾಜಿ ಗುಪ್ತಚರ ಕ್ರಿಸ್ಟೋಫರ್ ಸ್ಟೀಲ್ ಟ್ರಂಪ್‌ಗೆ ರಷ್ಯಾದೊಂದಿಗಿದ್ದ ನಂಟಿನ ಆರೋಪಗಳ ಬಗ್ಗೆ ಸಿದ್ಧಪಡಿಸಿದ ಕಡತಕ್ಕೆ ಹಣ ಒದಗಿಸಿದ ಕ್ಲಿಂಟನ್ ಪ್ರಚಾರ ತಂಡವೂ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯೂ 2022ರಲ್ಲಿ ದಂಡ ತೆತ್ತದ್ದು ಆ ವೆಚ್ಚವನ್ನು ಕಾನೂನು ಸಲಹೆಯ ಖರ್ಚೆಂದು ತೋರಿಸಿದ್ದಕ್ಕೆ ಹೊರತು, ವಿದೇಶಿಯನ್ನು ಬಳಸಿಕೊಂಡದ್ದಕ್ಕಲ್ಲ.

ಬಿಟ್ಟಿಯಾಗಿ ಬರುವ ಮಾಹಿತಿಗೆ ಬೆಲೆ ಕಟ್ಟುವುದು ಇದಕ್ಕಿಂತ ಕಷ್ಟ. 2016ರ ಜೂನ್ 9ರಂದು ಟ್ರಂಪ್ ಟವರಿನಲ್ಲಿ ಅಭ್ಯರ್ಥಿಯ ಮಗ, ಅಳಿಯ ಹಾಗೂ ಪ್ರಚಾರದ ಮುಖ್ಯಸ್ಥರು ರಷ್ಯಾದ ವಕೀಲೆಯನ್ನು ಭೇಟಿಯಾದದ್ದು ಕ್ಲಿಂಟನ್ ಅವರ ವಿರುದ್ಧದ ಮಾಹಿತಿ ಸಿಗುತ್ತದೆಂಬ ಮಾತಿನ ಮೇಲೆ. ಮುಲ್ಲರ್ ಈ ಬಗ್ಗೆ ಮೊಕದ್ದಮೆ ಹೂಡಲಿಲ್ಲ. ಕಾನೂನು ಮುರಿಯುತ್ತಿದ್ದೇವೆಂಬ ಅರಿವು ಅವರಿಗಿತ್ತೆಂದು ಸಾಬೀತುಪಡಿಸುವುದು ಕಷ್ಟವೆಂದೂ, ಮಾಹಿತಿಯ ಬೆಲೆ ಕ್ರಿಮಿನಲ್ ಮೊಕದ್ದಮೆಗೆ ಬೇಕಾದ ಮಿತಿಯನ್ನು ದಾಟಿತ್ತೆಂದು ತೋರಿಸುವುದು ಕಷ್ಟವೆಂದೂ ವರದಿ ಕಾರಣ ಕೊಟ್ಟಿತು. ಆ ಮಿತಿ ಒಂದು ವರ್ಷದ ಸೆರೆವಾಸಕ್ಕೆ 2,000 ಡಾಲರ್, ಐದು ವರ್ಷದ್ದಕ್ಕೆ 25,000 ಡಾಲರ್. 2019ರ ಜುಲೈ 25ರ ಫೋನ್ ಕರೆಯಲ್ಲಿ ಅಧ್ಯಕ್ಷ ಟ್ರಂಪ್ ಉಕ್ರೇನ್ ಅಧ್ಯಕ್ಷರೊಡನೆ ಜೋ ಬೈಡನ್ ಕುರಿತ ತನಿಖೆಯ ಮಾತು ಎತ್ತಿದಾಗಲೂ, ತನಿಖೆ ಎಂಬುದು ಲೆಕ್ಕಕ್ಕೆ ಸಿಗುವ ವಸ್ತುವಲ್ಲವೆಂದು ನ್ಯಾಯ ಇಲಾಖೆ ಪ್ರಕರಣ ಕೈಬಿಟ್ಟಿತು. ಮುಂದೆ ಟ್ರಂಪ್ ಮೇಲೆ ನಡೆದ ವಾಗ್ದಂಡನೆಯ ಆರೋಪ ಅಧಿಕಾರ ದುರುಪಯೋಗ ಮತ್ತು ಕಾಂಗ್ರೆಸ್ಸಿಗೆ ಅಡ್ಡಿ. ದೇಣಿಗೆಯ ಕಾನೂನು ಅದರಲ್ಲಿ ಬರಲೇ ಇಲ್ಲ. ಮೌಲ್ಯ ಎಂದು ಬರೆದರೆ ಓದುಗನು ನೈತಿಕ ಮೌಲ್ಯದ ಕಡೆಗೆ ಜಾರುವ ಅಪಾಯವಿದೆ. ಇಲ್ಲಿರುವುದು ಡಾಲರಿನ ಲೆಕ್ಕವಾದ್ದರಿಂದ ‘ಬೆಲೆ’ಯೇ ಇರಲಿ.

ಕೊನೆಯದು ಸಣ್ಣದಾದರೂ ಬಿಡುವಂತಿಲ್ಲ. ವಿದೇಶಿಯರಿಂದ ಬೆಲೆಯುಳ್ಳದ್ದನ್ನು ಕೇಳುವುದೂ ಪಡೆಯುವುದೂ ‘ಇಲ್ಲೀಗಲ್’ ಎಂದು ಚುನಾವಣಾ ಆಯೋಗದ ಅಂದಿನ ಅಧ್ಯಕ್ಷೆ ಎಲೆನ್ ವೈನ್‌ಟ್ರಾಬ್ 2019ರ ಜೂನ್‌ನಲ್ಲಿ ಹೇಳಿಕೆ ಕೊಟ್ಟರು. ಇದಕ್ಕೆ ‘ಕಾನೂನುಬಾಹಿರ’ ಎನ್ನಬೇಕೇ ಹೊರತು ‘ಅಪರಾಧ’ ಎನ್ನಬಾರದು. ಆಯೋಗ ವಿಧಿಸುವುದು ಸಿವಿಲ್ ದಂಡ. ಗೊತ್ತಿದ್ದೂ ಬೇಕೆಂದೇ ಉಲ್ಲಂಘಿಸಿ, ಮೊತ್ತವೂ ಮಿತಿಯನ್ನು ಮುಟ್ಟಿದಾಗ ಮಾತ್ರ ನ್ಯಾಯ ಇಲಾಖೆ ಅದನ್ನು ಅಪರಾಧವೆಂದು ನಡೆಸಬಹುದು.

ಈಗ ನನ್ನ ಕೇಳಿಕೆ. ‘ಕೇಳಿಕೊಳ್ಳು’ವಿನಿಂದ ಕಾಯಿದೆಯ ಭಾಷೆಗೆ ಒಪ್ಪುವ ನಾಮಪದವೊಂದು ಬೇಕಾಗಿದೆ. ‘ಕೇಳಿಕೆ’ ಇದೆಯಾದರೂ ಕಲಮಿನ ಶೀರ್ಷಿಕೆಯಲ್ಲಿ ಅದು ಹಗುರವೆನಿಸುತ್ತದೆ, ‘ಕೋರಿಕೆ’ಗೆ ಮೇಲಿನ ದೋಷವೇ ಇದೆ, ‘ಬೇಡಿಕೆ’ಯಲ್ಲಿ ಹಕ್ಕಿನ ಧ್ವನಿ ಬಂದುಬಿಡುತ್ತದೆ. ಶಾಸನಗಳ ಕನ್ನಡ ಅನುವಾದದಲ್ಲಿ ತೊಡಗಿರುವವರು ಯಾವುದನ್ನು ಬಳಸುತ್ತಿದ್ದಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.